ಒಳ್ಳೇ ಬ್ರೋಕರ್ ಯಾರು ಅಂತ ಕೇಳೋರಿಗೆ

ಗುಬ್ಬಿ, ಕುಣಿಗಲ್ ಕಡೆ ಜಮೀನು ನೋಡ್ತಿರೋರು ಕಮಿಷನ್ ಮಾತು ಆಮೇಲೆ ಆಡಿ. "ಇದು ಮಂಜೂರಾದ ಜಮೀನಾ? ಸಾಗುವಳಿ ಚೀಟಿ ಯಾರ ಹೆಸರಲ್ಲಿದೆ?" ಅಂತ ಬ್ರೋಕರ್‌ನ ಮೊದಲು ಕೇಳಿ. ಬರೀ ಇವತ್ತಿನ ಪಹಣಿ ಹಿಡಿದು ಬಂದರೆ ಎದ್ದು ಬನ್ನಿ.

ನಮ್ಮವರಿಗೆ ಸರ್ಕಾರ ಕೊಟ್ಟ ಭೂಮಿಯನ್ನ ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ಅಸಿಂಧು. ಎಸಿ ಅದನ್ನ ಮಂಜೂರುದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಬಿಡಿಸಿಕೊಡಬಹುದು. ತಡವಾಯ್ತು ಅಂತ ಅರ್ಜಿ ವಜಾ ಮಾಡ್ತಿದ್ದರು; ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತೆ. "ಹಳೇದು ಬಿಡಿ ಸಾರ್, ಈಗ ಯಾರ್ ಕೇಳ್ತಾರೆ" ಅನ್ನೋ ಬ್ರೋಕರ್ ನಿಮ್ಮ ದುಡ್ಡನ್ನೂ ಮುಳುಗಿಸ್ತಾನೆ, ಯಾರದೋ ಅಜ್ಜನ ನೆಲವನ್ನೂ.

ರೇರಾಗೆ ಬರೋ ಲೇಔಟ್ ಆದರೆ ಏಜೆಂಟನಿಗೂ ನೋಂದಣಿ ಇರಬೇಕು, ನಂಬರ್ ಕೇಳಿ.

ನಮ್ಮ ಹುಡುಗರೂ ಈಗ ಕಮಿಷನ್‌ಗೆ ಇಳಿದಿದ್ದಾರೆ. ಕೇರಿಯ ಮುದುಕರ ಹೆಬ್ಬೆಟ್ಟು ಒತ್ತಿಸೋಕೆ ಅವರನ್ನೇ ಮುಂದೆ ಬಿಡೋದು. ಅವರಿಗೂ ಇದನ್ನ ಕಳಿಸಿ.