ಬಾಲ ನೋಡಿ ಕುಲ ಹೇಳೋ ಕಾಲ ಮುಗೀತು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು, ಬೈಕೋಬೇಡಿ. ಹೋದ ವಾರ ಊರಿಗೆ, ಅಂದ್ರೆ ಮಿರ್ಲೆಗೆ ಹೋಗಿದ್ದೆ. ಪಿರಿಯಾಪಟ್ಟಣದ ಕಡೆ ಶುಂಠಿ ಹಾಕಿರೋ ನಮ್ಮ ಚಿಕ್ಕಪ್ಪನೂ ಬಂದಿದ್ರು. ಮುಖ ಸಪ್ಪಗಿತ್ತು. ಹೊಲಕ್ಕೆ ಹಸಿರು ಕೊಳೆ ಬಿದ್ದಿದೆಯಂತೆ. ಎಲೆ ಹಸಿರಾಗಿರೋವಾಗ್ಲೇ ಸುರುಳಿ ಸುತ್ಕೊಂಡು ಗಿಡ ಬಾಡುತ್ತೆ. ಕಾಂಡ ಕುಯ್ದು ನೀರಿನ ಲೋಟದಲ್ಲಿ ಇಟ್ರೆ ಹಾಲಿನ ಎಳೆ ಇಳಿದ ಹಾಗೆ ಬಿಳೀ ದ್ರವ ಇಳಿಯುತ್ತೆ. ಆ ಹಾಲೆಲ್ಲಾ ರಾಲ್‌ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ. ಒಮ್ಮೆ ಮಣ್ಣಿಗೆ ಸೇರಿದ್ರೆ ಸುಲಭಕ್ಕೆ ಬಿಟ್ಟು ಹೋಗೋದಲ್ಲ.

"ಅಲ್ಲ ಕಣ್ಲಾ, ಬ್ಯಾಕ್ಟೀರಿಯಾನ ತಿನ್ನೋ ವೈರಸ್ ಅದಂತಲ್ಲ, ಅದ್ನ ತಂದು ಹೊಡುದ್ರೆ ಆಯ್ತಲ್ವಾ?" ಅಂದ್ರು.

"ಯಾವ ವೈರಸ್ ಚಿಕ್ಕಪ್ಪ?" ಅಂದೆ.

"ಯಾವ್ದಾದ್ರೇನ್ಲಾ? ತಿಂದ್ರೆ ಸಾಕು."

ಚಿಕ್ಕಪ್ಪ ಓದಿದ್ದು ಏಳನೇ ಕ್ಲಾಸು, ಅವರು ಹಾಗಂದ್ರೆ ತಪ್ಪಿಲ್ಲ. ಆದ್ರೆ ಅಲ್ಲೇ ಕೂತಿದ್ದ ಅವರ ಮಗಳು ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಓದ್ತಿದ್ದಾಳೆ. ಅವಳ ನೋಟ್ಸ್ ಇಸ್ಕೊಂಡು ನೋಡಿದೆ. ಬಾಲ ಇರೋ ಫೇಜುಗಳಲ್ಲಿ ಮೂರು ಕುಟುಂಬ ಅಂತ ಅಚ್ಚುಕಟ್ಟಾಗಿ ಬರ್ಕೊಂಡಿದ್ಲು. ಉದ್ದ ಬಾಲ ಇದ್ದು ಅದು ಕುಗ್ಗಿದ್ರೆ ಮಯೋವಿರಿಡೆ, ಉದ್ದ ಇದ್ದು ಕುಗ್ಗದಿದ್ರೆ ಸೈಫೋವಿರಿಡೆ, ಮೋಟು ಬಾಲ ಆದ್ರೆ ಪೋಡೋವಿರಿಡೆ. "ಇವೆಲ್ಲಾ ರದ್ದಾಗಿವೆ ಕಣಮ್ಮ" ಅಂದ್ರೆ, "ಪರೀಕ್ಷೆಗೆ ಇದೇ ಬರೋದು ಅಣ್ಣ, ಸುಮ್ನಿರಿ" ಅಂದ್ಲು!

ರದ್ದಾಗಿರೋದು ನಿಜ. ವೈರಸ್ಸುಗಳ ವರ್ಗೀಕರಣದ ಅಂತಾರಾಷ್ಟ್ರೀಯ ಸಮಿತಿ (ಐಸಿಟಿವಿ) 2022ರಲ್ಲಿ ಈ ಮೂರೂ ಕುಟುಂಬಗಳನ್ನ, ಅವುಗಳ ಮೇಲಿದ್ದ ಕಾಡೋವೈರೇಲ್ಸ್ ಅನ್ನೋ ಗಣವನ್ನ ಕಿತ್ತು ಹಾಕ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರ ಬಿಟ್ಟು, ಪೂರ್ತಿ ಜೀನೋಮ್ ಓದಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಹೊಸದಾಗಿ ಕುಟುಂಬ ಕಟ್ತಾ ಇದ್ದಾರೆ. ನನ್ನ ಪ್ರಕಾರ ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಯಾಕೆ ಅಂತೀರಾ? ಲ್ಯಾಂಬ್ಡಾ ಅನ್ನೋ ಫೇಜ್ ತಗೊಳ್ಳಿ, ಉದ್ದ ಬಾಲದ್ದು. ಸಾಲ್ಮೊನೆಲ್ಲಾಗೆ ಬೀಳೋ ಪಿ22ರದ್ದು ಮೋಟು ಬಾಲ. ಹಳೇ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಕುಟುಂಬ. ಆದ್ರೆ ಜೀನೋಮ್ ಬಿಡಿಸಿದ್ರೆ ವಂಶವಾಹಿಗಳು ಜೋಡಿಸಿರೋ ಕ್ರಮ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಕೆಲವು ವಂಶವಾಹಿಗಳಂತೂ ಹತ್ತಿರದ ನೆಂಟರವೇ. ಅತ್ತ ಟಿ7ರದ್ದೂ ಮೋಟು ಬಾಲ ಅಂತ ಪಿ22ರ ಜೊತೆ ಒಂದೇ ಮನೇಲಿ ಕೂರಿಸಿದ್ರು, ಅವೆರಡಕ್ಕೂ ಒಳಗೆ ಸಂಬಂಧ ಹುಡುಕೋದೇ ಕಷ್ಟ. ಜಾತ್ರೇಲಿ ಮೂಗು ನೋಡಿ "ನೀ ಇಂಥೋರ ಮಗ ಅಲ್ವೇನಪ್ಪಾ" ಅಂತ ಹೇಳೋ ಅಜ್ಜಂದಿರಿರ್ತಾರಲ್ಲ, ಹಾಗೆ. ಸರಿ ಬಂದಾಗ ಖುಷಿ, ತಪ್ಪಾದಾಗ ಪಜೀತಿ.

ಜೀನೋಮ್ ಹೋಲಿಕೆ ಹೆಳವರು ಹೊತ್ತಗೆ ಬಿಚ್ಚಿ ವಂಶಾವಳಿ ಓದಿದ ಹಾಗೆ ಅನ್ನೋಣ ಅಂತಿದ್ದೆ. ಆದ್ರೆ ಇಲ್ಲಿ ಹೆಳವರಿಗೂ ತಲೆನೋವು. ಬ್ಯಾಕ್ಟೀರಿಯಾಗಳಲ್ಲಾದ್ರೆ 16ಎಸ್ ಅನ್ನೋ ಒಂದು ಭಾಗ ಎಲ್ಲದರಲ್ಲೂ ಇರುತ್ತೆ, ಅದನ್ನ ಹಿಡ್ಕೊಂಡು ಮರ ಬರೀಬಹುದು. ಫೇಜುಗಳಿಗೆಲ್ಲ ಸಾಮಾನ್ಯವಾದ ಒಂದು ವಂಶವಾಹಿಯೇ ಇಲ್ಲ. ಸಾಲದ್ದಕ್ಕೆ ಪಕ್ಕದವರಿಂದ ತುಂಡು ತುಂಡು ಎತ್ಕೊಳ್ಳೋ ಚಾಳಿ ಬೇರೆ. ನಮ್ಮ ಕಡೆ ಹಳೇ ಮನೆ ಕೆಡವಿದಾಗ ಬಾಗಿಲುವಾಡ ಒಬ್ಬರು, ಕಂಬ ಒಬ್ಬರು ಕೊಂಡ್ಕೊಂಡು ಹೋಗಿ ಹೊಸ ಮನೆಗೆ ಹಾಕ್ತಾರಲ್ಲ, ಅದೇ ರೀತಿ. ಬರೀ ಬಾಗಿಲು ನೋಡಿ ಮನೆ ಯಾರದ್ದು ಅಂದ್ರೆ ಏಮಾರ್ತೀರಿ. ಅದಕ್ಕೇ ಪೂರ್ತಿ ಮನೆ ಅಳೀಬೇಕು. ಲ್ಯಾಂಬ್ಡಾದಲ್ಲಿ 48,502 ಅಕ್ಷರ, ಟಿ4ರಲ್ಲಿ ಸುಮಾರು 1 ಲಕ್ಷ 69 ಸಾವಿರ. ಉದ್ದಕ್ಕೂ ಹೋಲಿಸಿದಾಗ ನೂರಕ್ಕೆ 95ಕ್ಕಿಂತ ಹೆಚ್ಚು ಅಕ್ಷರ ಹೊಂದಿದ್ರೆ ಒಂದೇ ಪ್ರಭೇದ, 70ರ ಆಸುಪಾಸು ಹೊಂದಿದ್ರೆ ಒಂದೇ ಕುಲ. ಈ 95, 70 ಮನುಷ್ಯರು ಎಳೆದ ಗೆರೆ ಅನ್ನೋದು ನಿಜ. ಆದ್ರೆ ಯಾರು ಬೇಕಾದ್ರೂ ಮತ್ತೆ ಲೆಕ್ಕ ಹಾಕಿ ನೋಡಬಹುದಾದ ಗೆರೆ.

ನಮ್ಮ ನಾಡಿನದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಂದರ್ ರಾಜ್ ಮತ್ತು ಟಿ. ರಾಮಕೃಷ್ಣನ್ ಐ3 ಅನ್ನೋ ಫೇಜ್ ಮೇಲೆ ಕೆಲಸ ಮಾಡಿ 1970ರಲ್ಲಿ 'ನೇಚರ್' ಪತ್ರಿಕೇಲಿ ಬರೆದ್ರು. ಕ್ಷಯದ ಬ್ಯಾಕ್ಟೀರಿಯಾದ ನಿರಪಾಯಕಾರಿ ದಾಯಾದಿ ಒಂದಿದೆ. ಅದರ ಒಂದು ಕೋಶದಿಂದ ಇನ್ನೊಂದಕ್ಕೆ ಈ ಫೇಜು ವಂಶವಾಹಿ ಸಾಗಿಸುತ್ತೆ ಅಂತ ತೋರಿಸಿದ್ರು. ಮುಂದೆ ಐಸಿಟಿವಿ ಪಟ್ಟೀಲಿ ಒಂದು ಕುಲಕ್ಕೆ 'ಐ3 ರೀತಿಯ ವೈರಸ್ಸುಗಳು' ಅಂತಲೇ ಹೆಸರಿತ್ತು. ಈಗ ಆ ಕುಲದ ಹೆಸರು ಬಿಕ್ಸ್‌ಝುನಾವೈರಸ್! ಎಲ್ಲಿಂದ ಬಂತು ಗೊತ್ತಾ? ಬಿಎಕ್ಸ್‌ಝಡ್1 ಅನ್ನೋ ಫೇಜಿಂದ, ಅಂದ್ರೆ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ್ದು. ನಮ್ಮ ಐ3 ಈಗ ಆ ಕುಲದೊಳಗಿನ ಒಂದು ಪ್ರಭೇದ.

"ನೋಡಿ, ನಮ್ಮ ಹೆಸರು ಅಳಿಸಿ ಅಮೆರಿಕದವರ ಹೆಸರು ಹಾಕ್ಕೊಂಡ್ರು" ಅಂತ ಕೆಲವರು ಶುರು ಹಚ್ಚಬಹುದು. ನನಗಂತೂ ಹಾಗನ್ನಿಸಲ್ಲ. ಬೆಂಗಳೂರಿನ ಫೇಜಿಗೂ ಬ್ರಾಂಕ್ಸಿನ ಮೃಗಾಲಯದ್ದಕ್ಕೂ ಇಷ್ಟು ಹತ್ತಿರದ ನಂಟು ಅಂತ ಗಟ್ಟಿಯಾಗಿ ಹೇಳೋಕಾಗಿದ್ದೇ ಅಕ್ಷರ ಅಕ್ಷರ ಹೋಲಿಸಿದ್ದರಿಂದ. ಹೆಸರಿಗಿಂತ ಆ ನಂಟು ದೊಡ್ಡದು ಸ್ವಾಮಿ.

ಇನ್ನು ಚಿಕ್ಕಪ್ಪನ ಪ್ರಶ್ನೆ. ಅವರ ಹೊಲದ ರಾಲ್‌ಸ್ಟೋನಿಯಾಗೇ ಬೀಳೋ ಫೇಜುಗಳಲ್ಲಿ ದಾರದಂಥವು ಕೆಲವಿವೆ. ಜಪಾನಿನಲ್ಲಿ ಇವುಗಳ ಮೇಲೆ ಚೆನ್ನಾಗಿ ಕೆಲಸ ಆಗಿದೆ. ಆರ್‌ಎಸ್‌ಎಸ್1 ಅನ್ನೋದು ಒಂದು, ಸುಮಾರು 6,600 ಅಕ್ಷರ. ಆರ್‌ಎಸ್‌ಎಂ ಗುಂಪಿನದ್ದು ಇನ್ನೊಂದು, ಸುಮಾರು 9 ಸಾವಿರ. ಸೂಕ್ಷ್ಮದರ್ಶಕದಲ್ಲಿ ಎರಡೂ ನೂಲೆಳೆ. ಟೊಮ್ಯಾಟೊ ಗಿಡದ ಮೇಲೆ ನೋಡಿದಾಗ ಆರ್‌ಎಸ್‌ಎಂ ಹೊಕ್ಕ ಬ್ಯಾಕ್ಟೀರಿಯಾ ರೋಗ ಮಾಡೋ ಶಕ್ತಿ ಕಳ್ಕೊಳ್ತು, ಆರ್‌ಎಸ್‌ಎಸ್1 ಹೊಕ್ಕಿದ್ದು ಇನ್ನೂ ಜೋರಾಯ್ತು! (2012ರ ಪ್ರಬಂಧಗಳು.) ಇವು ಬ್ಯಾಕ್ಟೀರಿಯಾನ ತಿಂದು ಸಿಡಿಸೋವಲ್ಲ, ಒಳಗೇ ಸಂಸಾರ ಹೂಡೋವು. ಕಾಲರಾದ ವಿಷ ತಯಾರಿಸೋ ವಂಶವಾಹಿಯನ್ನ ಆ ಬ್ಯಾಕ್ಟೀರಿಯಾಗೆ ತಂದುಕೊಟ್ಟಿದ್ದೂ ಇಂಥದ್ದೇ ಒಂದು ದಾರದ ಫೇಜ್ ಅಂತ 1996ರಲ್ಲೇ ಗೊತ್ತಾಗಿತ್ತು.

ಆದ್ರಿಂದ ನಾಳೆ ಯಾರಾದ್ರೂ ಹುಣಸೂರು, ಎಚ್.ಡಿ.ಕೋಟೆ ಕಡೆ ಶುಂಠಿಗೆ ಫೇಜ್ ಔಷಧಿ ಅಂತ ಡಬ್ಬ ಹಿಡ್ಕೊಂಡು ಬಂದ್ರೆ, ಮೊದಲು ಕೇಳಬೇಕಾದ್ದು ಒಳಗಿರೋದರ ಜೀನೋಮ್ ಓದಿದ್ದೀರಾ, ಅದು ಯಾವ ಕುಲ, ಒಳಗೆ ಏನೇನು ಹೊತ್ತಿದೆ ಅಂತ. ಫೋಟೋ ತೋರಿಸಿದ್ರೆ ಸಾಲದು. ಕಾಲೇಜಿನಲ್ಲಿ ಬಾಲದ ವಿಚಾರ ಹೇಳಿಕೊಡೋದು ಬೇಡ ಅಂತಿಲ್ಲ, ಆಕಾರದ ವರ್ಣನೆಯಾಗಿ ಇರಲಿ. ಆದ್ರೆ ಅದನ್ನೇ ಕುಟುಂಬ ಅಂತ ಬರೆಸಿ ಅಂಕ ಕೊಡೋದು ನಿಲ್ಲಬೇಕು. ಈ ಮಕ್ಕಳೇ ತಾನೇ ನಾಳೆ ಕೃಷಿ ಇಲಾಖೆಯ ಮೇಜಿನ ಆಚೆ ಕೂತು ಆ ಡಬ್ಬ ನೋಡೋರು?

ಇಷ್ಟೂ ಚಿಕ್ಕಪ್ಪನಿಗೆ ಹೇಳಿದೆ. ಸದ್ಯಕ್ಕೆ ರೋಗ ಇಲ್ಲದ ಬಿತ್ತನೆ ಗೆಡ್ಡೆ ಹುಡುಕಿ, ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡಿ, ಅದೇ ಹೊಲಕ್ಕೆ ಮತ್ತೆ ಶುಂಠಿ ಹಾಕಬೇಡಿ ಅಂದೆ. ಎಲ್ಲಾ ಕೇಳಿಸ್ಕೊಂಡು, ಎಲೆಡಿಕೆ ಉಗಿದು ಬಂದು, "ಹಂಗಾರೆ ಮುಂದಿನ ವರ್ಸ ರಾಗಿನೇ ಚೆಲ್ತೀನಿ ಬುಡ್ಲಾ" ಅಂದ್ರು.