ಹಾಡಿಗೊಂದು ಹೆಸರಿನ ಚೀಟಿ

ಅಡುಗೆಮನೆಯಲ್ಲಿ ಸೋಡದ ಡಬ್ಬಿಗೂ ಉಪ್ಪಿನ ಡಬ್ಬಿಗೂ ಬೇರೆ ಬೇರೆ ಚೀಟಿ ಅಂಟಿಸಿಡುವ ಗೃಹಿಣಿಯರು ಎಷ್ಟೋ ಮಂದಿ. ಅದೇ ಮನೆಯ ಕಂಪ್ಯೂಟರನ್ನು ತೆರೆದು ನೋಡಿದರೆ, ಯಜಮಾನರು ವರ್ಷಗಟ್ಟಲೆ ಶ್ರಮಪಟ್ಟು ಕೂಡಿಹಾಕಿದ ಸಾವಿರಾರು ಹಾಡುಗಳು ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಒಂದೇ ಬಗೆಯ ಹಣೆಪಟ್ಟಿ ಕಟ್ಟಿಕೊಂಡು ಸಾಲಾಗಿ ಕುಳಿತಿರುತ್ತವೆ. ತೋಡಿ ಬೇಕೆಂದವರಿಗೆ ಭೈರವಿ ದೊರೆಯುತ್ತದೆ. ಬೆಳಗಿನ ಸುಪ್ರಭಾತಕ್ಕೆಂದು ಒತ್ತಿದರೆ ಮಂಗಳವೇ ಮೊದಲಾಗುತ್ತದೆ.

ಈ ಅವಸ್ಥೆಗೆ ಯಜಮಾನರ ಸೋಮಾರಿತನವೊಂದೇ ಕಾರಣವೆನ್ನುವಂತಿಲ್ಲ. ಅಂಗಡಿಯಿಂದ ತಂದ ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಹಾಡಿರುತ್ತದೆಯೇ ಹೊರತು ಹಾಡಿನ ಹೆಸರಿರುವುದಿಲ್ಲ. ಹೆಸರಿರುವುದು ಹೊರಗಿನ ಕಾಗದದ ಮೇಲೆ. ಸಿ.ಡಿ.ಯನ್ನು ಕಂಪ್ಯೂಟರಿಗೆ ಇಳಿಸುವಾಗ ತೆರೆಯ ಮೇಲೆ ಹೆಸರುಗಳು ತಾವಾಗಿಯೇ ಮೂಡುವುದನ್ನು ಕಂಡು, ಯಂತ್ರಕ್ಕೆ ಸಂಗೀತಜ್ಞಾನವಿದೆಯೆಂದು ಬೆರಗಾಗುವವರುಂಟು. ಯಂತ್ರ ಮಾಡುವುದು ಇಷ್ಟೆ: ತಟ್ಟೆಯಲ್ಲಿರುವ ಹಾಡುಗಳ ಉದ್ದವನ್ನು ಲೆಕ್ಕ ಹಾಕಿ, ಅದೇ ಲೆಕ್ಕದ ತಟ್ಟೆಗೆ ಹಿಂದೆ ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದಿಟ್ಟ ಪಟ್ಟಿಯನ್ನು ತಂದೊಪ್ಪಿಸುತ್ತದೆ. ಬರೆದವರೋ, ತಮಗೆ ತೋಚಿದಂತೆ ಬರೆದವರು. ಒಬ್ಬರು ‘ಎಂ. ಎಸ್. ಸುಬ್ಬುಲಕ್ಷ್ಮಿ’ ಎಂದರೆ, ಇನ್ನೊಬ್ಬರು ಚುಕ್ಕೆಗಳನ್ನು ಕೈಬಿಡುತ್ತಾರೆ, ಮೂರನೆಯವರು ಎಂ. ಎಸ್. ಅನ್ನು ಹೆಸರಿನ ಹಿಂದಕ್ಕೆ ತಳ್ಳುತ್ತಾರೆ. ನಾಲ್ಕನೆಯವರು ಭಕ್ತಿಯಿಂದ ‘ಡಾ.’ ಸೇರಿಸುತ್ತಾರೆ. ಕಂಪ್ಯೂಟರಿಗೆ ಭಕ್ತಿಯೂ ತಿಳಿಯದು, ವ್ಯಾಕರಣವೂ ತಿಳಿಯದು. ಅದರ ಪಟ್ಟಿಯಲ್ಲಿ ನಾಲ್ವರು ಗಾಯಕಿಯರು!

ಹಾಡಿನ ಕಡತದೊಳಗೇ ಅಡಗಿರುವ ಈ ಚೀಟಿಗೆ ‘ಟ್ಯಾಗ್’ ಎಂದು ಹೆಸರು. ಇದನ್ನು ತಿದ್ದಲು ಹೋದರೆ ನಾದಕ್ಕೆ ಕುಂದು ಬಂದೀತೆಂದು ಅಂಜುವವರಿದ್ದಾರೆ. ಅಂಜಬೇಕಾಗಿಲ್ಲ. 2001ರಲ್ಲಿ ಬಳಕೆಗೆ ಬಂದ ‘ಫ್ಲ್ಯಾಕ್’ ಪದ್ಧತಿ ಸಿ.ಡಿ.ಯ ನಾದವನ್ನು ಕಿರಿದಾಗಿಸುವುದು ರೇಷ್ಮೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ. ಬಿಚ್ಚಿದಾಗ ಒಂದೆಳೆಯೂ ಕಡಮೆಯಾಗಿರುವುದಿಲ್ಲ. ಎಂ.ಪಿ.3 ಹಾಗಲ್ಲ. ಕಿವಿಗೆ ಅಷ್ಟಾಗಿ ತಿಳಿಯದೆಂದು ಎಣಿಸಿದ ಎಳೆಗಳನ್ನು ಅದು ಕತ್ತರಿಸಿಯೇ ಮಡಿಸುತ್ತದೆ, ಕತ್ತರಿಸಿದ್ದು ಮತ್ತೆ ಬಾರದು. ಫ್ಲ್ಯಾಕ್ ಕಡತದಲ್ಲಿ ನಾದಕ್ಕೊಂದು ಅರೆ, ಚೀಟಿಗೆ ಬೇರೊಂದು ಅರೆ. ನಾದವನ್ನು ಮಡಿಸುವಾಗಲೇ ಅದರ ಹೆಬ್ಬೆಟ್ಟಿನ ಗುರುತಿನಂತಹ ಒಂದು ಸಂಖ್ಯೆಯನ್ನೂ ಗುಣಿಸಿ ಒಳಗಿಡುವ ಏರ್ಪಾಡುಂಟು. ಚೀಟಿಯನ್ನು ನೂರು ಸಲ ತಿದ್ದಿ ಬರೆದರೂ ಆ ಸಂಖ್ಯೆ ಬದಲಾಗದು.

ನಿಜವಾದ ತೊಡಕಿರುವುದು ಬೇರೆಡೆ. ಈ ಚೀಟಿಯ ಅಚ್ಚನ್ನು ಕೊರೆದವರು ಪಾಶ್ಚಾತ್ಯರು. 1996ರಲ್ಲಿ ಎಂ.ಪಿ.3ಕ್ಕೆಂದು ಮೊದಲು ಹೊರಟ ಚೀಟಿಯಲ್ಲಿ ಹಾಡಿನ ಹೆಸರಿಗೆ ಸಿಕ್ಕಿದ್ದು ಬರಿಯ 30 ಅಕ್ಷರಗಳ ಜಾಗ. ಸಂಗೀತದ ಬಗೆಯನ್ನು ಆರಿಸಲು ಕೊಟ್ಟದ್ದು 80 ಹೆಸರುಗಳ ಪಟ್ಟಿ. ಆ 80ರಲ್ಲಿ ಕರ್ನಾಟಕ ಸಂಗೀತವೂ ಇರಲಿಲ್ಲ, ಹಿಂದುಸ್ತಾನಿಯೂ ಇರಲಿಲ್ಲ. ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಮನೆಗಳಲ್ಲಿ ನಮ್ಮ ಕಚೇರಿಯನ್ನು ಕೂರಿಸುವುದೆಂತು? ರಾಗವೆಲ್ಲಿ, ತಾಳವೆಲ್ಲಿ, ವಾಗ್ಗೇಯಕಾರರೆಲ್ಲಿ? ಪಕ್ಕವಾದ್ಯದವರ ಗತಿಯಂತೂ ಕೇಳುವುದೇ ಬೇಡ. ಏಳು ತಂತಿಗಳ ಪಿಟೀಲನ್ನು ನುಡಿಸಿದ ಮೈಸೂರು ಚೌಡಯ್ಯನವರ ಹೆಸರನ್ನು ಹುಡುಕಿದರೆ, ಅವರು ಜೊತೆಗೂಡಿದ ಕಚೇರಿಗಳು ಆ ಕಂಪ್ಯೂಟರಿನಲ್ಲಿಯೇ ಇದ್ದರೂ ‘ದೊರೆಯಲಿಲ್ಲ’ ಎಂಬ ಉತ್ತರ ಬರುತ್ತದೆ.

ಫ್ಲ್ಯಾಕ್ ಚೀಟಿ ಈ ವಿಷಯದಲ್ಲಿ ಉದಾರಿ. ಬೇಕಾದ ಹೆಸರಿನ ಮನೆಯನ್ನು ಬೇಕಾದಷ್ಟು ಕಟ್ಟಿಕೊಳ್ಳಲು ಅಲ್ಲಿ ಅಡ್ಡಿಯಿಲ್ಲ. ಮನೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು. ಒಳಗೆ ಬರೆಯುವುದನ್ನು ಕನ್ನಡದಲ್ಲಿಯೇ ಬರೆಯಬಹುದು. ರಾಗಕ್ಕೊಂದು, ತಾಳಕ್ಕೊಂದು, ಪಿಟೀಲಿಗೊಂದು, ಮೃದಂಗಕ್ಕೊಂದು. ಆದರೆ ಹೀಗೆ ಹೊಸದಾಗಿ ಕಟ್ಟಿದ ಮನೆಗಳನ್ನು ಅನೇಕ ಪ್ಲೇಯರ್‌ಗಳು ತೆರೆದು ತೋರಿಸುವುದಿಲ್ಲವಾದ್ದರಿಂದ, ‘ಜಗದೋದ್ಧಾರನ – ಕಾಪಿ – ಆದಿ’ ಎಂದು ಹಾಡಿನ ಹೆಸರಿನ ಜೊತೆಗೂ ಸೇರಿಸಿಡುವುದು ಜಾಣತನ. ಬರೆಯುವಾಗ ಪುರಂದರದಾಸರನ್ನು ಕಲಾವಿದರ ಮನೆಯಲ್ಲಿ ಕೂರಿಸುವವರು ಬಹಳ. ದಾಸರು ರಚಿಸಿದವರು, ಅವರಿಗೆ ವಾಗ್ಗೇಯಕಾರರ ಮನೆಯೇ ತಕ್ಕದ್ದು.

ದಾಸರಿಗಂತೂ ಚೀಟಿಯ ಹಂಗಿರಲಿಲ್ಲ. ಪುರಂದರ ವಿಠಲನೆಂದೋ ಕಾಗಿನೆಲೆಯಾದಿಕೇಶವನೆಂದೋ ಪದದ ಕೊನೆಯ ನುಡಿಯಲ್ಲೇ ಅಂಕಿತವನ್ನು ಹೆಣೆದುಬಿಟ್ಟರು. ಓಲೆಗರಿ ಕಳೆದರೂ ಹಾಡುವವನ ಬಾಯಲ್ಲಿ ಕರ್ತೃವಿನ ಗುರುತು ಉಳಿಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಅವರದೂ ಇಂಥದೇ ಉಪಾಯ. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆಗಳನ್ನು ಒತ್ತುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಹಾಗೆ ಮಾಡುತ್ತಿದ್ದರಂತೆ. ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದು 1930ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡ ಆಕೆಯ ದನಿಯನ್ನು ಇಂದು ಕೇಳುವವರಿಗೂ ಸಂದೇಹಕ್ಕೆಡೆಯಿಲ್ಲ.

ಆದರೆ ಮನೆಮನೆಯ ಅಟ್ಟದ ಮೇಲಿರುವ ಕ್ಯಾಸೆಟ್ಟುಗಳಿಗೆ ಯಾವ ಅಂಕಿತವಿದೆ? ರೇಡಿಯೋದಿಂದ ಹಿಡಿದದ್ದು, ಮದುವೆಯ ಚಪ್ಪರದಲ್ಲಿ ಮುದ್ರಿಸಿದ್ದು, ರಾಮನವಮಿಯ ಪೆಂಡಾಲಿನಲ್ಲಿ ಕೇಳಿದ್ದು. ಇವುಗಳ ವಿವರ ಇಂಟರ್‌ನೆಟ್ಟಿನ ಯಾವ ಪಟ್ಟಿಯಲ್ಲಿಯೂ ಇಲ್ಲ. ಮಕ್ಕಳು ಅವನ್ನು ಅಕ್ಕರೆಯಿಂದ ಫ್ಲ್ಯಾಕ್‌ಗೆ ಇಳಿಸಿದ್ದಾರೆ, ನಾದವೇನೋ ಭದ್ರವಾಗಿದೆ. ಹಾಡಿದವರು ಯಾರು, ಯಾವ ಊರು, ಯಾರ ಮದುವೆ ಎಂಬುದನ್ನು ಬಲ್ಲವರು ಮಾತ್ರ ಎಂಬತ್ತು ದಾಟಿದ ತಾತನೊಬ್ಬರೇ. ಅಂಗಡಿಯ ಸಿ.ಡಿ.ಗಳ ಚೀಟಿಯನ್ನು ಮುಂದಿನ ವರ್ಷವೂ ತಿದ್ದಬಹುದು, ಹೊದಿಕೆಯ ಕಾಗದ ಎಲ್ಲಿಗೂ ಹೋಗದು. ತಾತನ ಕ್ಯಾಸೆಟ್ಟುಗಳಿಗೆ ಆ ಸಾವಕಾಶವಿಲ್ಲ.

ಆದ್ದರಿಂದ ಕೆಲಸವನ್ನು ಅಲ್ಲಿಂದಲೇ ಮೊದಲುಮಾಡುವುದು ಒಳಿತು. ಕಡತಗಳಿಗೆಲ್ಲ ಬೇರೊಂದು ಡಿಸ್ಕಿನಲ್ಲಿ ನಕಲು ತೆಗೆದಿರಿಸಿ, ಭಾನುವಾರ ಕಾಫಿಯ ಬಳಿಕ ತಾತನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕೇ ಹಾಡು ಕೇಳಿಸಿದರೆ ಸಾಕು. ಅವರು ಹೇಳಿದ್ದನ್ನು ಮೊಮ್ಮಗಳು ಬರೆದುಕೊಳ್ಳಲಿ. ಹಾಡನ್ನು ಬಿಟ್ಟು ಛತ್ರದ ಊಟದ ಕಡೆಗೆ ಮಾತು ಹರಿದರೆ ಅದನ್ನೂ ಬರೆಯಲಿ. ಟಿಪ್ಪಣಿಯೆಂಬ ಮನೆ ಇರುವುದೇ ಅದಕ್ಕೆ. ತಿಳಿಯದಿದ್ದರೆ ಊಹಿಸಿ ತುಂಬಕೂಡದು. ತಪ್ಪು ಹೆಸರೊಂದು ಒಳಗೆ ಕುಳಿತರೆ ಅದನ್ನು ಮತ್ತೆ ಯಾರೂ ಪ್ರಶ್ನಿಸುವುದಿಲ್ಲ. ನಕಲಿನಿಂದ ನಕಲಿಗೆ ಸಾಗಿ ಅದೇ ನಿಜವಾಗಿಬಿಡುತ್ತದೆ. ‘ಪಿಟೀಲು: ತಿಳಿಯದು. ಮೈಸೂರಿನ ಅತ್ತೆಯವರನ್ನು ಕೇಳಬೇಕು’ ಎಂದು ಬರೆದಿಟ್ಟರಾಯಿತು.