ನೀರಿನ ಫೋಟೋಗೆ ದಡದ ಕ್ಯಾಮೆರಾನೇ ಸಾಕು

ಶನಿವಾರ, ಭಾನುವಾರಕ್ಕೆ ಇನ್ನೊಂದು ದಿನ ಲೀವು ಸೇರಿಸಿಕೊಂಡು ಜನ ಗೋಕರ್ಣ, ಮುರುಡೇಶ್ವರ, ಗೋವಾ ಕಡೆ ಹೊರಡೋ ಕಾಲ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ಆಫೀಸಿನವರು, ಊರಿನ ಗೆಳೆಯರು, ಶ್ರೀನಿವಾಸಪುರದಲ್ಲಿರೋ ನಮ್ಮ ಚಿಕ್ಕಪ್ಪನ ಮಗ... ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣಾ, ನೀರಲ್ಲಿ ಫೋಟೋ ತೆಗೆಯೋಕೆ ಯಾವ್ದು ತಗೊಂಡ್ರೆ ಒಳ್ಳೇದು?" ಇಂಜಿನಿಯರಿಂಗ್ ಓದಿದವನಿಗೆ ಮಿಕ್ಸಿಯಿಂದ ಹಿಡಿದು ಮಿಸೈಲ್‌ವರೆಗೆ ಎಲ್ಲವೂ ಗೊತ್ತಿರುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ :)

ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆದುಬಿಡುತ್ತಿದ್ದೇನೆ. ಮುಂದಿನ ಸಲ ಕೇಳಿದವರಿಗೆ ಲಿಂಕ್ ಕಳಿಸಿದರಾಯ್ತು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮಂಥವರು ನೀರಿಗೆ ಅಂತಲೇ ಒಂದು ಕ್ಯಾಮೆರಾ ಕೊಳ್ಳಬೇಕಿಲ್ಲ. ಇರೋ ಫೋನನ್ನು ಒಬ್ಬರ ಕೈಗೆ ಕೊಟ್ಟು ಅವರನ್ನು ದಡದಲ್ಲಿ ನಿಲ್ಲಿಸಿ. ನೀರಿಗಿಳಿದವರ ಕೈ ಖಾಲಿ ಇರಲಿ. ಇಷ್ಟೇ. ಸಪ್ಪೆ ಉತ್ತರ ಅನ್ನಿಸಿತೇ? ಯಾಕೆ ಹೀಗಂತೀನಿ ಅಂತ ಸ್ವಲ್ಪ ಕೇಳಿ.

ಮೊದಲು ಅಂಗಡಿಯಲ್ಲಿ ಏನೇನು ಸಿಗುತ್ತೆ ನೋಡೋಣ.

ಒಂದು, ಕೈಯಲ್ಲಿರೋ ಫೋನೇ. ಡಬ್ಬದ ಮೇಲೆ ಐಪಿ67, ಐಪಿ68 ಅಂತ ಬರೆದಿರುತ್ತದೆ. 67 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. 68 ಅಂದರೆ ಅದಕ್ಕಿಂತ ಹೆಚ್ಚು, ಎಷ್ಟು ಅನ್ನೋದನ್ನ ಕಂಪನಿಯೇ ಹೇಳಬೇಕು. ಈ ಪರೀಕ್ಷೆ ನಡೆಯೋದು ಲ್ಯಾಬಿನಲ್ಲಿ, ಅಲುಗಾಡದ ಸಿಹಿನೀರಿನಲ್ಲಿ, ಹೊಚ್ಚಹೊಸ ಫೋನಿನ ಮೇಲೆ. ಎರಡು ವರ್ಷ ಜೇಬಿನಲ್ಲಿದ್ದು, ನಾಲ್ಕು ಸಲ ಕೆಳಗೆ ಬಿದ್ದ ನಿಮ್ಮ ಫೋನಿಗೂ, ಉಪ್ಪುನೀರಿನ ಅಲೆಗೂ ಆ ಸಂಖ್ಯೆ ಅನ್ವಯಿಸುವುದಿಲ್ಲ. ಜೊತೆಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಈಜುಕೊಳದಲ್ಲಿ, ಸಮುದ್ರದಲ್ಲಿ ಫೋನ್ ಬಳಸೋ ಹಾಗೆ ಜಾಹೀರಾತು ತೋರಿಸಿದ್ದಕ್ಕೆ 2022ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟು ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತ್ತು. ಒದ್ದೆ ಇರುವಾಗಲೇ ಚಾರ್ಜಿಗೆ ಹಾಕಿದರೆ ಚಾರ್ಜಿಂಗ್ ಪೋರ್ಟು ತುಕ್ಕು ಹಿಡಿಯುತ್ತಿತ್ತು ಅನ್ನೋದು ಅಲ್ಲಿನ ತಕರಾರು.

ಎರಡು, ಕೊರಳಿಗೆ ನೇತುಹಾಕೋ ಪ್ಲಾಸ್ಟಿಕ್ ಪೌಚು. ಮುನ್ನೂರು ನಾನ್ನೂರು ರೂಪಾಯಿ. ನೀರು ಚಿಮ್ಮಿದರೆ, ಮಳೆ ಬಂದರೆ, ಮರಳು ಹಾರಿದರೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ನೀರೊಳಗೆ ಹೋದ ಮೇಲೆ ಟಚ್ ಸ್ಕ್ರೀನು ಮಾತು ಕೇಳುವುದಿಲ್ಲ, ವಾಲ್ಯೂಮ್ ಗುಂಡಿ ಒತ್ತಿಯೇ ಕ್ಲಿಕ್ಕಿಸಬೇಕು. ಒಳಗೆ ಗಾಳಿ ಇಲ್ಲದಿದ್ದರೆ ಫೋನಿನ ಸಮೇತ ಮುಳುಗುತ್ತದೆ. ನಮ್ಮ ವೃತ್ತಿಯಲ್ಲಿ ಟೆಸ್ಟ್ ಮಾಡದೆ ಯಾವ ಕೋಡನ್ನೂ ಪ್ರೊಡಕ್ಷನ್‌ಗೆ ಬಿಡುವುದಿಲ್ಲವಲ್ಲ, ಇಲ್ಲೂ ಹಾಗೇ. ಫೋನಿನ ಬದಲು ಒಂದು ಟಿಶ್ಯೂ ಪೇಪರ್ ಇಟ್ಟು, ಮುಚ್ಚಿ, ಬಚ್ಚಲಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಪೇಪರ್ ಒಣಗಿದ್ದರೆ ಪಾಸು.

ಮೂರು, ಗೋಪ್ರೋ ಥರದ ಆಕ್ಷನ್ ಕ್ಯಾಮೆರಾ. ಹೆಚ್ಚುವರಿ ಕವಚ ಇಲ್ಲದೆಯೇ ಹತ್ತು ಮೀಟರ್ ಆಳಕ್ಕೆ ಹೋಗುತ್ತದೆ, ಎದೆಗೋ ತಲೆಗೋ ಕಟ್ಟಿಕೊಂಡರೆ ಕೈ ಖಾಲಿ ಉಳಿಯುತ್ತದೆ. ನಾಲ್ಕು, ಒಲಿಂಪಸ್ ಟಫ್ ಥರದ ಗಟ್ಟಿಮುಟ್ಟಾದ ಪುಟ್ಟ ಕ್ಯಾಮೆರಾಗಳು, ಹದಿನೈದು ಮೀಟರ್ ಆಳದವರೆಗೆ. ಎರಡೂ ಒಳ್ಳೆಯ ಸಾಮಾನೇ, ಅದರಲ್ಲಿ ಎರಡು ಮಾತಿಲ್ಲ. ಬೆಲೆ ಮಾತ್ರ ಹತ್ತಾರು ಸಾವಿರ. ವರ್ಷಕ್ಕೆ ಮೂರು ದಿನ ಹೊರಗೆ ಬರುತ್ತವೆ, ಉಳಿದ ದಿನ ಬೀರುವಿನಲ್ಲಿ ನಿದ್ದೆ ಹೊಡೆಯುತ್ತವೆ.

ದುಡ್ಡಿದ್ದವರು ಕೊಳ್ಳಲಿ ಬಿಡಿ, ಅದಕ್ಕೇನು ಅಂತೀರಾ? ಸರಿ, ಕೊಂಡರು ಅಂತಲೇ ಇಟ್ಟುಕೊಳ್ಳೋಣ. ಯಾವ ನೀರಿನಲ್ಲಿ ಬಳಸುತ್ತೀರಿ?

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತೆ. ಚೆಂದದ ಫೋಟೋ ಸಿಗುತ್ತೆ, ಆದರೆ ಅಲ್ಲಿ ಕ್ಯಾಮೆರಾಗೆ ಅಪಾಯ ಇರೋದು ನೀರಿನಿಂದಲ್ಲ, ಕೋತಿಗಳಿಂದ! ಇನ್ನು ಕೆರೆಗಳು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ಬಂದ ಒಂದೇ ತಿಂಗಳಲ್ಲಿ ನೊರೆ ಎದ್ದಿದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲು ಹತ್ತಿದ್ದು ನಿಮಗೂ ನೆನಪಿರಬಹುದು. ಎರಡು ಹಂತ ಸಂಸ್ಕರಿಸಿದ ಆ ನೀರು ಅಂತರ್ಜಲ ಹೆಚ್ಚಿಸೋದಕ್ಕೆ, ಮುಳುಗು ಹಾಕೋದಕ್ಕಲ್ಲ. ಮಳೆ ನೀರೇ ನಿಂತ ಕೆರೆಯಾದರೂ ಕೆಮ್ಮಣ್ಣು ಕದಡಿ ಚಹಾದ ಬಣ್ಣಕ್ಕಿರುತ್ತೆ. ನೀರೊಳಗೆ ಕೈ ಚಾಚಿದರೆ ನಿಮ್ಮ ಬೆರಳು ನಿಮಗೇ ಕಾಣುವುದಿಲ್ಲ. ಅಲ್ಲಿ ಹದಿನೈದು ಮೀಟರಿನ ಕ್ಯಾಮೆರಾ ಏನು ಮಾಡೀತು?

ಕರಾವಳಿಗೆ ಹೋದರೂ ಕಥೆ ಅಷ್ಟೊಂದು ಬದಲಾಗುವುದಿಲ್ಲ. ಅಲೆ ಒಡೆಯುವ ಜಾಗದಲ್ಲಿ ಮರಳು ಸದಾ ಕದಡಿರುತ್ತದೆ, ನೀರೊಳಗಿನ ಫೋಟೋ ಅಂದರೆ ಕಂದು ಮಂಜು. ಮೀನು, ಹವಳ ಕಾಣಬೇಕಾದರೆ ದೋಣಿ ಹತ್ತಿ ನೇತ್ರಾಣಿಗೇ ಹೋಗಬೇಕು. ಅಲ್ಲೂ ಕೆಲವು ಮೀಟರ್ ಆಳಕ್ಕೆ ಹೋದರೆ ಕೆಂಪು ಬಣ್ಣ ಮೊದಲು ಮಾಯವಾಗಿ ಎಲ್ಲವೂ ನೀಲಿ-ಹಸಿರು. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು, ಪೌಚಿನ ಆಟ ಅಲ್ಲಿ ನಡೆಯುವುದಿಲ್ಲ. ಸ್ಕೂಬಾ ಮಾಡಿಸುವವರೇ ಸಾಮಾನ್ಯವಾಗಿ ವಿಡಿಯೋ ತೆಗೆದುಕೊಡುತ್ತಾರೆ. ಮೊದಲ ಸಲ ಉಸಿರಾಟದ ಕೊಳವೆ ಬಾಯಲ್ಲಿಟ್ಟುಕೊಂಡವನು ಉಸಿರಿನ ಕಡೆ ಗಮನ ಕೊಟ್ಟರೆ ಸಾಕು, ಫೋಟೋ ಅವರು ನೋಡಿಕೊಳ್ಳಲಿ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಲೆಕ್ಕ. ನಾನು ಈ ವಿಷಯದಲ್ಲಿ ಹಟ ಹಿಡಿಯೋದಕ್ಕೆ ಕಾರಣ ಬೇರೆಯೇ ಇದೆ.

ನಮ್ಮಪ್ಪನ ವಯಸ್ಸಿನವರನ್ನು ಕೇಳಿ ನೋಡಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು ಅವರು. ಆಮೇಲೆ ಬಾವಿಗಳು ಬತ್ತಿದವು, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು, ಕೆರೆಯಂಗಳದಲ್ಲಿ ನಾವು ಕ್ರಿಕೆಟ್ ಆಡಿದೆವು. ಒಂದು ಇಡೀ ತಲೆಮಾರು ನೀರು ನೋಡದೆ ಬೆಳೆಯಿತು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿ ಕೋಡಿ ಹರಿದಾಗ ಊರಿಗೆ ಊರೇ ಫೋನ್ ಹಿಡಿದು ಕೋಡಿಯ ಮೇಲೆ ನಿಂತಿತ್ತು. ಸಂತೋಷ ಪಡಬೇಕಾದದ್ದೇ, ನಾನೂ ಪಟ್ಟೆ. ಆದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಹರಿಯುವ ನೀರು ಮೊಣಕಾಲುದ್ದ ಇದ್ದರೂ ಕಾಲು ಕೀಳುತ್ತದೆ, ಮಣ್ಣು ತೆಗೆದ ಕೆರೆಗಳಲ್ಲಿ ನೀರಡಿ ಎಲ್ಲಿ ಗುಂಡಿ ಇದೆ ಅಂತ ಮೇಲಿನಿಂದ ತಿಳಿಯುವುದಿಲ್ಲ. ಹಳಬರಿಗೆ ಇದು ಹೇಳಿಕೊಡದೇ ಗೊತ್ತಿತ್ತು. ನಮಗೆ ಹೇಳಿಕೊಡಲು ನೀರೇ ಇರಲಿಲ್ಲ.

ಇದೇ ಜಿಲ್ಲೆಯ ಮಕ್ಕಳು ಸಮುದ್ರಕ್ಕೆ ಹೋದಾಗ? 2024ರ ಡಿಸೆಂಬರ್ 10ರಂದು ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಹೋದರು. ಅವರು ಫೋಟೋಗಾಗಿ ಇಳಿದರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಮ್ಮ ಕಡೆಯ ಮಗುವಿಗೆ ಸಮುದ್ರ ಎಷ್ಟು ಅಪರಿಚಿತ ಅನ್ನೋದನ್ನ ಹೇಳುತ್ತಿದ್ದೇನೆ. ದಡಕ್ಕೆ ಬಂದ ಅಲೆ ವಾಪಸ್ಸು ಹೋಗುವಾಗ ಎಳೆಯುತ್ತೆ ಅಂತ ಕರಾವಳಿಯ ಮಗುವಿಗೆ ಅಮ್ಮ ಹೇಳಿರುತ್ತಾಳೆ. ಮುಳಬಾಗಿಲಿನ ಮಗುವಿಗೆ ಯಾರು ಹೇಳಬೇಕು?

ಇಂಥ ನಮ್ಮ ಕೈಗೆ ನೀರಿನೊಳಗೇ ಒಂದು ಕ್ಯಾಮೆರಾ ಕೊಟ್ಟರೆ ಏನಾಗುತ್ತೆ ಯೋಚಿಸಿ. ಸೆಲ್ಫಿ ತೆಗೆಯುವವನು ಸಮುದ್ರಕ್ಕೆ ಬೆನ್ನು ಹಾಕಲೇಬೇಕು, ಇಲ್ಲದಿದ್ದರೆ ಸಮುದ್ರ ಫೋಟೋದಲ್ಲಿ ಬರುವುದಿಲ್ಲ. ಒಂದು ಕೈ ಫೋನಿಗೆ ಹೋಯಿತು. ಕಣ್ಣು ಪರದೆಯ ಮೇಲೆ. ಫ್ರೇಮಿಗೆ ಎಲ್ಲರೂ ಸೇರಲಿ ಅಂತ ಒಂದೊಂದೇ ಹೆಜ್ಜೆ ಹಿಂದೆ. ಅಂದರೆ ಅಲೆ ಬರುವ ಕಡೆ ನೋಡಬೇಕಾದ ಹೊತ್ತಿಗೆ ನೋಡುತ್ತಿಲ್ಲ, ಆಸರೆಗೆ ಬೇಕಾದ ಕೈ ಖಾಲಿ ಇಲ್ಲ. ಅದರ ಮೇಲೆ 'ವಾಟರ್‌ಪ್ರೂಫ್' ಅನ್ನೋ ಧೈರ್ಯ ಬೇರೆ. ಡಬ್ಬದ ಮೇಲಿನ ಸಂಖ್ಯೆ ಫೋನಿನ ಬಗ್ಗೆ ಇರೋದು ಸ್ವಾಮಿ, ಹಿಡಿದವನ ಬಗ್ಗೆ ಅಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಕನಕಪುರದ ಕಡೆ ಹೋಗಿದ್ದ ಬೆಂಗಳೂರಿನ ಕಾಲೇಜು ಹುಡುಗರು ಕಲ್ಯಾಣಿಯೊಂದರಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಅವರ ಹಿಂದೆಯೇ ಅವರ ಗೆಳೆಯ ಮುಳುಗುತ್ತಿದ್ದ. ಆ ಹುಡುಗ ಕಾಣೆಯಾಗಿದ್ದಾನೆ ಅಂತ ಹುಡುಕಿ, ಕೊನೆಗೆ ಫೋಟೋ ನೋಡಿದಾಗ ಅದರಲ್ಲೇ ಅವನು ಕಂಡ. ಆ ಸುದ್ದಿ ಓದಿದ ಮೇಲೆ ನೀರಿನಲ್ಲಿ ನಿಂತ ಗುಂಪಿನ ಸೆಲ್ಫಿ ನೋಡಿದಾಗಲೆಲ್ಲಾ ನನ್ನ ಕಣ್ಣು ಮೊದಲು ಹಿಂಬದಿಗೆ ಹೋಗುತ್ತದೆ. ದಡದಲ್ಲಿ ಒಬ್ಬ ಕ್ಯಾಮೆರಾ ಹಿಡಿದು ನೀರಿನ ಕಡೆಗೇ ನೋಡುತ್ತಾ ನಿಂತಿದ್ದರೆ ಬಹುಶಃ ಅವನ ಕಣ್ಣಿಗಾದರೂ ಬೀಳುತ್ತಿತ್ತೇನೋ.

ನನ್ನ ವಾದದ ತಿರುಳು ಇದೇ. ದಡದ ಫೋಟೋಗ್ರಾಫರ್ ಅಂದರೆ ಗುಂಪಿಗೆ ಒಬ್ಬ ಕಾವಲುಗಾರ. ಅವನು ಹೇಗೂ ಎಲ್ಲರನ್ನೂ ನೋಡುತ್ತಿರಲೇಬೇಕು, ತಲೆ ಎಣಿಸುತ್ತಿರಲೇಬೇಕು. ಎರಡು ಕೆಲಸ, ಒಂದೇ ಸಂಬಳ :) ಅವನ ಪಕ್ಕ ಒಂದು ಉದ್ದನೆ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಇರಲಿ. ಯಾರಾದರೂ ತಡಬಡಾಯಿಸಿದರೆ ಈಜು ಬಾರದವನು ಹಾರಬಾರದು, ಅದನ್ನು ಎಸೆದು ಜನರನ್ನು ಕೂಗಬೇಕು. ಕಾಪಾಡಲು ಹೋದವರೂ ಮುಳುಗಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ? ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಯಿಸಿಕೊಳ್ಳಿ, ಒಬ್ಬನೇ ಒಣಗಿ ನಿಲ್ಲಬೇಕಾಗಿಲ್ಲ.

"ದಡದಿಂದ ತೆಗೆದರೆ ಫೋಟೋ ಚೆನ್ನಾಗಿ ಬರಲ್ಲ" ಅನ್ನುವವರಿಗೆ ನನ್ನ ಅನುಭವದ ನಾಲ್ಕು ಮಾತು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಆಗ ಓರೆಯಾಗಿ ಬೀಳುವ ಬಿಸಿಲಿಗೆ ಚಿಮ್ಮುವ ಹನಿಗಳು ಹೊಳೆಯುತ್ತವೆ. ಒಣ ಮರಳಿನ ಮೇಲೆ ಮಂಡಿಯೂರಿ ಫೋನನ್ನು ಕೆಳಗೆ ಹಿಡಿಯಿರಿ, ಸಣ್ಣ ಅಲೆಯೂ ಎತ್ತರ ಕಾಣುತ್ತದೆ. ಬರ್ಸ್ಟ್ ಇಟ್ಟು ಹತ್ತಿಪ್ಪತ್ತು ತೆಗೆದರೆ ಒಂದರಲ್ಲಿ ನಗು, ಅಲೆ ಎರಡೂ ಸಿಗುತ್ತವೆ. ಶಟರ್ ವೇಗ ಬದಲಾಯಿಸಲು ಬಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಡಿ, ಹನಿಗಳು ಗಾಳಿಯಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಹಳೆಯ ಜೂಮ್ ಕ್ಯಾಮೆರಾ ಧೂಳು ಹಿಡಿದು ಕೂತಿದ್ದರೆ ಅದಕ್ಕಿಂತ ಒಳ್ಳೆಯ 'ನೀರಿನ ಕ್ಯಾಮೆರಾ' ಇಲ್ಲ.

ಕಲ್ಯಾಣಿಯ ಕೆಳಗಿನ ಮೆಟ್ಟಿಲು, ಮೀನು ತೆಗೆಯಬೇಕೇ? ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಓರೆಯಾಗಿ ನೋಡುತ್ತಿದ್ದರೆ ಒಂದು ಕಡೆ ನೀರಿನ ಮೇಲಿನ ಹೊಳಪು ಮಾಯವಾಗಿ ಒಳಗಿರೋದು ಕಾಣುತ್ತದೆ. ಆದರೆ ಕಂಡದ್ದನ್ನು ಪೂರ್ತಿ ನಂಬಬೇಡಿ. ಪಿಯುಸಿ ಫಿಸಿಕ್ಸಿನ ವಕ್ರೀಭವನ ನೆನಪಿದೆಯಾ? ನೀರಿನ ವಕ್ರೀಭವನಾಂಕ 1.33. ನೇರ ಮೇಲಿನಿಂದ ನೋಡಿದರೆ ನಾಲ್ಕಡಿ ಆಳ ಮೂರಡಿಯಾಗಿ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದ ಆ ಸೂತ್ರ, ಮೆಟ್ಟಿಲಿಳಿಯುವ ಮುಂಚೆ ನೆನಪಾದರೆ ಪ್ರಾಣವನ್ನೇ ಉಳಿಸಬಹುದು.

ಇನ್ನು ಚೆನ್ನಾಗಿ ಈಜು ಬಲ್ಲವರು, ವರ್ಷಕ್ಕೆ ನಾಲ್ಕೈದು ಸಲ ನೀರಿಗಿಳಿಯುವವರು ಆಕ್ಷನ್ ಕ್ಯಾಮೆರಾ ಧಾರಾಳವಾಗಿ ಕೊಳ್ಳಿ. ಎದೆಗೆ ಕಟ್ಟಿಕೊಳ್ಳಿ, ತೇಲುವ ಪಟ್ಟಿ ಹಾಕಿಸಿ, ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದಿಡಿ. ಬಲ್ಲವರ ಮೇಲೆ ನನ್ನ ತಕರಾರಿಲ್ಲ. ಅದೇ ದುಡ್ಡು ಈಜು ಬಾರದ ನಮ್ಮ ಕೈಯಲ್ಲಿದ್ದರೆ ಮೊದಲು ಈಜು ಕಲಿಯೋಣ ಅನ್ನೋದಷ್ಟೇ ನನ್ನ ಅಭಿಪ್ರಾಯ. ಕ್ಯಾಮೆರಾ ನಾಲ್ಕು ವರ್ಷಕ್ಕೆ ಹಳತಾಗುತ್ತೆ. ಒಮ್ಮೆ ಕಲಿತ ಈಜು ಹಾಗಾಗೋದಿಲ್ಲ, ಮುಂದೆ ಮಕ್ಕಳಿಗೂ ಹೇಳಿಕೊಡಬಹುದು. ಕೆರೆಗಳಿಗೆ ನೀರು ಬಂದಿರೋ ಈ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಪ್ರತಿ ತಾಲ್ಲೂಕಿಗೂ ಒಂದು ಸಾರ್ವಜನಿಕ ಈಜುಕೊಳ, ಶಾಲೆಗಳಲ್ಲಿ ಪ್ರವಾಸಕ್ಕೆ ಮುಂಚೆ ಒಂದು ಪೀರಿಯಡ್ ನೀರಿನ ಪಾಠ ಬೇಕು ಅಂತ ಕೇಳೋದು ದುರಾಸೆಯೇನಲ್ಲ.

ಕರಾವಳಿಯ ಬ್ಲಾಗಿಗ ಮಿತ್ರರಿಗೆ ಒಂದು ವಿನಂತಿ. ಸಮುದ್ರದ ಬಗ್ಗೆ ನಿಮ್ಮ ಅಮ್ಮ, ಅಜ್ಜಿ ಹೇಳಿಕೊಟ್ಟ ಎಚ್ಚರಿಕೆಯ ಮಾತುಗಳನ್ನು ನಿಮ್ಮ ಬ್ಲಾಗಿನಲ್ಲೊಮ್ಮೆ ಬರೆಯಿರಿ. ಮುಂದಿನ ರಜೆಗೆ ಹೊರಟವರಿಗೆ ನನ್ನ ಲಿಂಕಿನ ಜೊತೆ ನಿಮ್ಮದನ್ನೂ ಕಳಿಸುತ್ತೇನೆ.